ಕೋಬೆಯಲ್ಲಿ ಸಿಕ್ಕಿದ ಆನೆ ಪ್ಲೇಟು

ಆಲಸನತ್ತಂ

ಜಾಸ್ ಕೇಳೋಕೆ ಶುರು ಮಾಡ್ಬೇಕು, ಮನೇಲಿ ಇರಲೇಬೇಕಾದ ಗ್ರಾಮಫೋನ್ ಪ್ಲೇಟು ಯಾವ್ಯಾವು ಹೇಳಿ ಅಂತ ನನ್ನ ಕೇಳೋರು ಈಚೆಗೆ ಜಾಸ್ತಿಯಾಗಿದ್ದಾರೆ. ಜಪಾನಿಗೆ ಹೋಗಿ ಬಂದೆನಲ್ಲ, ಅದಕ್ಕೆ. ಹದಿನಾಲ್ಕು ದಿನ ಇದ್ದು ಬಂದೋನಿಗೆ ಎರಡು ಕೊಂಬು ಮೂಡಿರುತ್ತೆ ಅಂತ ಜನ ತಿಳ್ಕೊಳ್ತಾರೆ. ನನಗೆ ಏನೂ ಮೂಡಿಲ್ಲ. ಮನೆ ಇಲ್ಲೇ ಆಲಸನತ್ತಂ, ಹೊಸೂರಿನ ಒಂದು ಫ್ಯಾಕ್ಟರೀಲಿ ಎಲೆಕ್ಟ್ರಿಷಿಯನ್ ನಾನು, ಹೆಸರು ಕಿಟ್ಟಪ್ಪ, ಇನ್ನೊಂದು ವರ್ಷಕ್ಕೆ ರಿಟೈರು. ಆದ್ರೂ ಕೇಳಿದ್ದೀರಿ, ಹೇಳ್ತೀನಿ. ನಾಲ್ಕು ಪ್ಲೇಟು ಹೇಳ್ತೀನಿ. ಮೂರನ್ನ ಇಲ್ಲೇ ಮುಗಿಸ್ತೀನಿ. ನಾಲ್ಕನೇದು ಹೇಳ್ಬೇಕಾದ್ರೆ ನಿಮ್ಮನ್ನ ಕೋಬೆ ಊರಿಗೇ ಕರ್ಕೊಂಡು ಹೋಗ್ಬೇಕು.

ನಮ್ಮ ಫ್ಯಾಕ್ಟರಿಗೆ ದೊಡ್ಡ ಪ್ರೆಸ್ ಮಿಷಿನ್ ಕೂರಿಸೋಕೆ ಜಪಾನಿಂದ ಒಬ್ಬರು ಇಂಜಿನಿಯರು ಬಂದಿದ್ರು. ಹೆಸರು ಮೊರಿ. ನಮ್ಮ ಬಾಯಲ್ಲಿ ಅವರು ಮೊರ ಸಾರ್ ಆಗಿಬಿಟ್ರು. ರಾಗಿ ಕೇರೋ ಮೊರ ತೋರಿಸಿ ಇದೇ ನಿಮ್ಮ ಹೆಸರು ಅಂದ್ರೆ, ನಕ್ಕು ಊರಿಗೂ ಒಂದು ಮೊರ ಕಟ್ಟಿಸ್ಕೊಂಡು ಹೋದ್ರು. ಹೋಗುವಾಗ ತಮ್ಮ ರೆಕಾರ್ಡ್ ಪ್ಲೇಯರನ್ನೂ ಒಂದು ರಟ್ಟಿನ ಪೆಟ್ಟಿಗೆ ತುಂಬ ಪ್ಲೇಟುಗಳನ್ನೂ ನನಗೆ ಕೊಟ್ರು. ಪೆಟ್ಟಿಗೇನ ಸ್ಟೋರಿನ ಮೂಲೇಲಿಟ್ಟು ಒಂದು ಮಳೆಗಾಲ ನಾನು ಮರೆತೆ. ಗೆದ್ದಲು ಮರೀಲಿಲ್ಲ. ಕವರೆಲ್ಲ ತಿಂದು ಪ್ಲೇಟಿನ ಮೇಲೆ ಮಣ್ಣು ಮೆತ್ತಿತ್ತು. ಮನೆಗೆ ತಂದು ಬಕೆಟ್ಟಲ್ಲಿ ನೆನೆಹಾಕಿ ತೊಳೆದೆ. ಮಣ್ಣೂ ಹೋಯ್ತು, ನಡುವೆ ಅಂಟಿಸಿದ್ದ ಹೆಸರಿನ ಚೀಟಿಯೂ ಹೋಯ್ತು. ಒಂದು ತಟ್ಟೆ ತೊಳೆದು ಗೊತ್ತಿಲ್ಲದೋನು ಇಂಥ ಪ್ಲೇಟು ತೊಳೆಯೋಕೆ ಹೋದ್ರೆ ಹೀಗೇ ಆಗೋದು ಅಂತ ನನ್ನ ಹೆಂಡತಿ ಸರೋಜ ಇವತ್ತಿಗೂ ಆಡ್ಕೊಳ್ತಾಳೆ.

ಪ್ಲೇಯರು ನೂರು ವೋಲ್ಟಿಂದು, ನಮ್ಮ ಮನೆ ಕರೆಂಟು ಇನ್ನೂರಮೂವತ್ತು. ಬೇರೆಯವರಾಗಿದ್ರೆ ಹಾಗೇ ಸಿಕ್ಕಿಸಿ ಸುಟ್ಟು ಹಾಕ್ತಿದ್ರು. ನಾನು ಕೈಯಾರೆ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿ, ವೋಲ್ಟು ಇಳಿಸಿ, ಆಮೇಲೆ ಹಾಕಿದೆ. ಪ್ಲೇಟು ಸುಯ್ಯಂತ ತಿರುಗಿತು. ಮನೆಗೆ ಬಂದೋರಿಗೆಲ್ಲ ಪ್ಲೇಟಿಗಿಂತ ಮೊದಲು ಟ್ರಾನ್ಸ್‌ಫಾರ್ಮರ್ ತೋರಿಸ್ತಿದ್ದೆ. ಈ ಜಂಬ ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಹೆಸರಿಲ್ಲದ ಹನ್ನೊಂದು ಪ್ಲೇಟು ಇಟ್ಕೊಂಡು ಏನ್ ಮಾಡೋದು? ನಾವೇ ನಾಮಕರಣ ಮಾಡಿದ್ವಿ. ನಾವು ಅಂದ್ರೆ ನಾಲ್ಕು ಜನ: ನಾನು, ಸರೋಜ, ಪಕ್ಕದ ಬೀದಿಯ ವಸಂತ ಟೀಚರ್, ಜವಳಗಿರಿಯಿಂದ ಬಸ್ಸಲ್ಲಿ ಬರೋ ನನ್ನ ಗೆಳೆಯ ತಿಮ್ಮರಾಯಪ್ಪ. ಭಾನುವಾರ ಹತ್ತು ಗಂಟೆಗೆ ನಮ್ಮನೆ ಹಾಲಲ್ಲಿ ಸೇರೋದು, ಎರಡು ಪ್ಲೇಟು ಕೇಳೋದು, ತಿಂಡಿ ತಿನ್ನೋದು. ಸುಮ್ನೆ ಕೇಳೋ ಹಾಗಿಲ್ಲ. ಚೆನ್ನಾಗಿದ್ರೆ ಭಲೇ ಅನ್ನಬೇಕು, ಇಲ್ದಿದ್ರೆ ಇಲ್ಲ ಅನ್ನಬೇಕು. ಬಾಯಿ ಮುಚ್ಕೊಂಡು ಕೂತೋರಿಗೆ ಎರಡನೇ ದೋಸೆ ಇಲ್ಲ ಅನ್ನೋದು ಸರೋಜಳ ಕಾನೂನು.

ಈಗ ಪಟ್ಟಿ ಬರ್ಕೊಳ್ಳಿ. ಮೊದಲನೇದು ಜೂಜುವಾಡಿ. ಹದಿನೈದು ಇಪ್ಪತ್ತು ಜನ ಒಟ್ಟಿಗೆ ಕೊಳವೆ ಊದೋ ದೊಡ್ಡ ಮೇಳ. ಸಾಯಂಕಾಲ ಆರು ಗಂಟೆಗೆ ಜೂಜುವಾಡಿ ಹತ್ತಿರ ರಾಜ್ಯದ ಗಡೀಲಿ ಲಾರಿಗಳೆಲ್ಲ ಹಾರನ್ ಹೊಡೀತಾವಲ್ಲ, ಅದೇ ಗದ್ದಲ, ಆದ್ರೆ ಎಲ್ಲ ಲಾರಿಗೂ ಒಂದೇ ಶ್ರುತಿ. ವಾರವೆಲ್ಲ ದುಡಿದು ಮೈ ಭಾರವಾದಾಗ ಕೇಳಿ, ಎದ್ದು ಕೂತ್ಕೊಳ್ತೀರಿ. ದೊಡ್ಡ ಮೇಳದ್ದು ಒಂದಾದ್ರೂ ಇಲ್ಲದ ಮನೆ ಮನೆಯಲ್ಲ. ಎರಡನೇದು ಒಗ್ಗರಣೆ, ಸರೋಜ ಇಟ್ಟ ಹೆಸರು. ಪಿಯಾನೊ, ಆಳೆತ್ತರದ ಪಿಟೀಲು, ಡ್ರಮ್ಮು, ಮೂರೇ ಜನ. ಡ್ರಮ್ಮಿನೋನು ಕೋಲು ಬಿಟ್ಟು ತಂತಿ ಪೊರಕೆ ಹಿಡಿದು ಚರ್ಮ ಸವರ್ತಾನೆ, ಕಾದ ಎಣ್ಣೆಗೆ ಸಾಸಿವೆ ಬಿದ್ದಂಗೆ ಕೇಳುತ್ತೆ. ಹೊಸಬರು ಇದರಿಂದಲೇ ಶುರು ಮಾಡಿ, ಹೆದರಿಕೆ ಆಗಲ್ಲ. ಮೂರನೇದು ಬೀಗರು. ಒಬ್ಬ ಟ್ರಂಪೆಟ್ಟು, ಒಬ್ಬ ಸ್ಯಾಕ್ಸೋಫೋನು. ಛತ್ರದಲ್ಲಿ ಬೀಗರು ಮಾತಾಡ್ತಾರಲ್ಲ, ಬಾಯಲ್ಲಿ ಮರ್ಯಾದೆ, ಹೊಟ್ಟೇಲಿ ಬೆಂಕಿ, ಅದೇ. ಜಾಸ್ ಅಂದ್ರೆ ಒಬ್ಬರ ಮಾತಿಗೆ ಇನ್ನೊಬ್ಬರು ಆಗಿಂದಾಗ ಕೊಡೋ ಉತ್ತರ ಅನ್ನೋದು ನನಗೆ ತಿಳಿದದ್ದು ಆ ಪ್ಲೇಟಿಂದ.

ನಾಲ್ಕನೇದು ಆನೆ. ಅದಕ್ಕೆ ಹೆಸರಿಟ್ಟೋನು ತಿಮ್ಮರಾಯಪ್ಪ. ತಳಿ ಊರಿನ ಹೈಸ್ಕೂಲಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನದು ಕಾಡಂಚಿನ ಹೊಲ, ರಾಗಿ ತೆನೆ ಕಟ್ಟೋ ಹೊತ್ತಿಗೆ ಆನೆ ನುಗ್ಗದ ಹಾಗೆ ರಾತ್ರಿಯೆಲ್ಲ ಕಾಯೋದೇ ಅವನ ಕೆಲಸ. ಪ್ಲೇಟು ಶುರುವಾಗಿ ಸ್ವಲ್ಪ ಹೊತ್ತು ಆಳೆತ್ತರದ ಪಿಟೀಲಿನೋನು ಒಬ್ಬನೇ, ಹೆಜ್ಜೆ ಇಟ್ಟ ಹಾಗೆ ತಂತಿ ಮೀಟ್ತಾ ನಡೀತಾನೆ. ಆಮೇಲೆ ಎಲ್ಲೋ ಕೆಳಗಿಂದ, ನೆಲದ ಒಳಗಿಂದ ಬಂದ ಹಾಗೆ, ಒಂದು ಸ್ಯಾಕ್ಸೋಫೋನು ನಿಧಾನಕ್ಕೆ ಎದ್ದು ಬರುತ್ತೆ. ಮೊದಲ ಸಲ ಅದನ್ನ ಕೇಳಿ ಅವನು ತಟ್ಟೆ ಕೆಳಗಿಟ್ಟ.

"ಇದು ಆನೆ ಕಣ್ಲಾ ಕಿಟ್ಟ," ಅಂದ. "ತಿನ್ನಾಕ್ ಬಂದಿರೋ ಆನೆ ಅಲ್ಲ. ಹೊಲದಂಚಲ್ಲಿ ನಿಂತ್ಕಂಡು, ಒಳಕ್ ಬರ್ಲಾ ಬ್ಯಾಡ್ವಾ ಅಂತ ಯೋಚ್ನೆ ಮಾಡ್ತದಲ್ಲ, ಆ ಆನೆ."

ಅಲ್ಲಿಂದ ಹನ್ನೊಂದು ವರ್ಷ, ಆ ಸ್ಯಾಕ್ಸೋಫೋನು ಎದ್ದಾಗಲೆಲ್ಲ ಅವನು ಮೆಲ್ಲಗೆ 'ಬಂತ್ ಕಣ್ಲಾ' ಅನ್ನೋನು. ಅವನು ಅನ್ನದೆ ನಮಗೂ ಅದು ಬಂದ ಹಾಗಾಗ್ತಿರಲಿಲ್ಲ.

ಆ ಪ್ಲೇಟಿನ ಮೇಲೆ ನಾನು ಕೂತುಬಿಟ್ಟೆ. ಕುರ್ಚಿ ಮೇಲಿಟ್ಟಿದ್ದೆ, ಫೋನು ಬಂತು, ಮಾತಾಡ್ತಾ ಕೂತೆ. ಟಪ್ ಅಂತು. ತಿಮ್ಮರಾಯಪ್ಪ ಎರಡು ಹೋಳನ್ನೂ ಕೈಗೆತ್ಕೊಂಡು ನೋಡಿದ, ಟೀಪಾಯಿ ಮೇಲಿಟ್ಟ, ಬಸ್ಸಿಗೆ ಹೊತ್ತಾಯ್ತು ಅಂತ ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಜವಳಗಿರಿಗೇ ಹೋದೆ. ಮುದ್ದೆ, ಹುರುಳಿ ಸಾರು ಹಾಕಿಸಿದ, ಮಳೆ ವಿಚಾರ ಮಾತಾಡಿದ, ಸಿಟ್ಟೇನೂ ತೋರಿಸಲಿಲ್ಲ. ಭಾನುವಾರ ಬಾರೋ ಅಂದೆ.

"ಆನೆ ಇಲ್ದೆ ಏನ್ಲಾ ಕೇಳದು," ಅಂದ. "ಬುಡು."

ಬಸ್ಸಲ್ಲಿ ವಾಪಸ್ ಬರುವಾಗ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳ್ಲಿ. ಅದೇ ಪ್ಲೇಟು ಇನ್ನೊಂದು ತರಬೇಕು, ತಂದ್ರೆ ಅವನು ಬರ್ತಾನೆ, ಇಲ್ದಿದ್ರೆ ಇಲ್ಲ. ಆದ್ರೆ ಹೆಸರೇ ಗೊತ್ತಿಲ್ಲ. ಮೊರ ಸಾರನ್ನೇ ಕೇಳೋಣ ಅಂದ್ರೆ, ಅವರು ಕೆಲಸ ಬಿಟ್ಟು ಎಲ್ಲಿದ್ದಾರೋ ಕಂಪನಿಯೋರಿಗೂ ಗೊತ್ತಿರಲಿಲ್ಲ. ವಸಂತ ಟೀಚರ್ ಯಾವತ್ತೋ ಒಂದು ದಿನ ಅದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು. ಹಾಡು ಕೇಳಿಸಿದ್ರೆ ಹೆಸರು ಹೇಳೋ ಆ್ಯಪಿಗೆ ಅದನ್ನ ಹತ್ತು ಸಲ ಕೇಳಿಸಿದ್ವಿ. ಗೊತ್ತಿಲ್ಲ ಅಂತು. ಅಷ್ಟರಲ್ಲಿ ಹೊಸ ಮಿಷಿನ್ನಿನ ತರಬೇತಿಗೆ ಕೋಬೆಗೆ ಹೋಗಿ ಬಾ ಅಂತ ಫ್ಯಾಕ್ಟರಿಯೋರು ನನ್ನ ಹೆಸರು ಹಾಕಿದ್ರು. ಮಂಡಿ ನೋವು ಅಂತ ಹೇಳಿ ತಪ್ಪಿಸ್ಕೊಳ್ಳೋನು ನಾನು, ಈ ಸಲ ಮೊದಲು ಹೋಗಿ ಸಹಿ ಹಾಕಿದೆ.

ಕೋಬೆ, ಮೊದಲ ಭಾನುವಾರ

ನನ್ನ ಜೊತೆ ಬಂದೋರು ಕ್ವಾಲಿಟಿ ಡಿಪಾರ್ಟ್‌ಮೆಂಟಿನ ಶಾಂತಿ ಮೇಡಂ. ಕೃಷ್ಣಗಿರಿಯೋರು, ಮನೇಲಿ ತಮಿಳು, ನನ್ನ ಹತ್ತಿರ ಕನ್ನಡ, ಫ್ಯಾಕ್ಟರಿ ಕ್ಲಾಸಲ್ಲಿ ಕಲಿತ ಜಪಾನಿ. ನನ್ನನ್ನ ಅಣ್ಣಾ ಅಂತಾರೆ. ಜಾಸ್ ಕೇಳೋದಕ್ಕೇ ಅಂತ ಇರೋ ಕಾಫಿ ಅಂಗಡಿಗಳು ಈ ದೇಶದಲ್ಲಿವೆ ಅಂತ ವಿಚಾರಿಸಿ ಪತ್ತೆ ಹಚ್ಚಿದ್ದೂ ಅವರೇ.

ಕೋಬೆಗೆ ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಊರು. ರೈಲು ಹಳಿ ಕೆಳಗಿನ ಸಂದೀಲಿ ಒಂದು ಮೆಟ್ಟಿಲು, ಮೇಲೆ ಮರದ ಬಾಗಿಲು. ಸಂಗೀತ ಇರೋ ಜಾಗ ಅಂತ ನಾನು ಬಾಗಿಲ ಹೊರಗೇ ಬೂಟು ಬಿಟ್ಟು ಒಳಗೆ ಹೋದೆ. ಒಳಗೆ ಎಲ್ಲರೂ ಬೂಟು ಹಾಕ್ಕೊಂಡೇ ಕೂತಿದ್ರು. ಹನ್ನೆರಡು ಕುರ್ಚಿ, ಎಲ್ಲ ಒಂದೇ ಕಡೆ ಮುಖ. ಎದುರಿಗೆ ಬೀರು ಗಾತ್ರದ ಎರಡು ಸ್ಪೀಕರು. ಹಿಂದೆ ಗೋಡೆ ತುಂಬ ಪ್ಲೇಟು. ಒಬ್ಬರೂ ಮಾತಿಲ್ಲ. ಕಪ್ಪು ಸಾಸರಿಗೆ ತಾಗದ ಹಾಗೆ ಇಡ್ತಾರೆ. ಮಾಲೀಕರು ಎಪ್ಪತ್ತು ದಾಟಿದ ಒಬ್ಬ ಹೆಂಗಸು, ನಾನು ಮನಸ್ಸಲ್ಲೇ ಅಜ್ಜಿ ಅಂತ ಕರೆದೆ. ಏನು ಬೇಕಾದ್ರೂ ಚೀಟೀಲಿ ಬರೆದು ಕೊಡಬೇಕಂತೆ.

ನಮ್ಮ ಜೂಜುವಾಡಿ ತರದ್ದೇ ಒಂದು ದೊಡ್ಡ ಮೇಳ ಹಾಕಿದ್ರು. ಡ್ರಮ್ಮಿನೋನು ಒಬ್ಬನೇ ನುಡಿಸೋ ಜಾಗ ಬಂತು. ಅವನು ಮುಗಿಸಿದ ರೀತಿಗೆ ನನ್ನ ಬಾಯಿ ತಡೀಲಿಲ್ಲ. ಭಲೇ ಅಂತ ಗಟ್ಟಿಯಾಗಿ ಅಂದುಬಿಟ್ಟೆ. ಹನ್ನೊಂದು ತಲೆ ನನ್ನ ಕಡೆ ತಿರುಗಿತು. ಮುಂದೆ ಕೂತಿದ್ದ ತೆಳ್ಳಗಿನ ಒಬ್ಬ ಮುದುಕರು, ಬೂದು ಟೋಪಿ ಹಾಕಿದ್ದೋರು, ನನ್ನನ್ನ ನೋಡಿದ ನೋಟ ಹೇಗಿತ್ತು ಅಂದ್ರೆ, ಪೂಜೆ ನಡುವೆ ಕೆಮ್ಮಿದೋನನ್ನ ಪೂಜಾರಿ ನೋಡ್ತಾರಲ್ಲ, ಹಾಗೆ. ಶಾಂತಿ ಮೇಡಂ ಚೀಟೀಲಿ ಬರೆದು ನನಗೆ ತಳ್ಳಿದ್ರು: 'ಇಲ್ಲಿ ಭಲೇ ಇಲ್ಲ ಅಣ್ಣಾ.' ಸರೋಜ ಇಲ್ಲಿದ್ದಿದ್ರೆ ಇವರೊಬ್ಬರಿಗೂ ಎರಡನೇ ದೋಸೆ ಸಿಗ್ತಿರಲಿಲ್ಲ ಅಂದ್ಕೊಂಡು ಸುಮ್ಮನಾದೆ.

ಅಂಗಡಿ ಖಾಲಿಯಾದ ಮೇಲೆ ಅಜ್ಜಿಗೆ ನನ್ನ ಕಥೆ ಹೇಳಿಸಿದೆ. ಅವರು ಫೋನನ್ನ ಸ್ಪೀಕರಿಗೇ ಜೋಡಿಸಿ ಕಣ್ಣು ಮುಚ್ಚಿ ಕೇಳಿದ್ರು. ನಡುವೆ ಸುಯ್ ಅಂತ ಒಂದು ಸದ್ದು ಬಂತು, ಇದ್ಯಾವ ವಾದ್ಯ ಅಂತ ಕೇಳಿದ್ರು. ಅದು ನಮ್ಮನೆ ಕುಕ್ಕರು ಅಂತ ಹೇಳಿಸಿದೆ. ಎರಡನೇ ಸಲವೂ ಕೇಳಿದ್ರು. ಆಮೇಲೆ ಇಲ್ಲ ಅಂತ ತಲೆ ಆಡಿಸಿದ್ರು. ಸ್ಯಾಕ್ಸೋಫೋನ್ ಊದೋರೆಲ್ಲರ ಉಸಿರೂ ತನಗೆ ಗೊತ್ತು, ಹೀಗೆ ಊದೋ ಮನುಷ್ಯ ಈ ಲೋಕದಲ್ಲಿಲ್ಲ ಅಂದ್ರಂತೆ. ಇಲ್ಲೂ ಇಲ್ಲ ಅಂದ್ರೆ ಇನ್ನೆಲ್ಲಿ?

ಹೊರಗೆ ಬಂದ್ರೆ ಬೂಟಿಲ್ಲ. ಸರಿ, ದೇವಸ್ಥಾನದ ಮುಂದೆ ಚಪ್ಪಲಿ ಹೋದ ಹಾಗೆ ಇಲ್ಲೂ ಹೋಯ್ತು ಅಂದ್ಕೊಂಡೆ. ಕಾಲ್ಚೀಲದಲ್ಲೇ ರಸ್ತೆಗಿಳಿದೆ. ಎದುರಿನ ಪೊಲೀಸ್ ಚೌಕಿಯವನು ಕೂಗಿ ಕರೆದ. ಯಾರೋ ಪುಣ್ಯಾತ್ಮ, ಪಾಪ ಯಾರೋ ಬೂಟು ಮರೆತು ಹೋಗಿದ್ದಾರೆ ಅಂತ ತಂದು ಕೊಟ್ಟಿದ್ನಂತೆ. ಚೀಲದಲ್ಲಿ ಹಾಕಿ ಚೀಟಿ ಕಟ್ಟಿ ಇಟ್ಟಿದ್ರು. ನಂದೇ ಅಂತ ಹೇಗೆ ನಂಬೋದು, ಗುರುತು ಹೇಳಿ ಅಂದ್ರು. ಎಡಗಾಲಿನ ಹಿಮ್ಮಡಿ ಸವೆದಿದೆ ಅಂದೆ. ನೋಡಿ, ಬಗ್ಗಿ ನಮಸ್ಕಾರ ಮಾಡಿ ಕೊಟ್ರು. ಬೂಟಿನ ಗುರುತು ಹೇಳಿ ಬೂಟು ಬಿಡಿಸ್ಕೊಂಡೆ, ಪ್ಲೇಟಿನ ಗುರುತು ಮಾತ್ರ ಹೇಳೋಕಾಗಲಿಲ್ಲವಲ್ಲ ಅಂದ್ಕೊಳ್ತಾ ಲೇಸು ಕಟ್ಕೊಂಡೆ.

ಬುಧವಾರ, ತರಬೇತಿ ಶೆಡ್ಡು

ಮೇಷ್ಟ್ರು ಮಿಷಿನ್ನಿನ ಪ್ಯಾನಲ್ ಬಿಚ್ಚಿ ತೋರಿಸ್ತಿದ್ರು. ನಡುವೆ ಒಂದು ಎಚ್ಚರಿಕೆ ಹೇಳಿದ್ರು, ಶಾಂತಿ ಮೇಡಂ ಅದನ್ನ ಕನ್ನಡಕ್ಕೆ ಮಾಡಿದ್ರು. ಕೋಬೆ ಕಡೆ ಕರೆಂಟು ಸೆಕೆಂಡಿಗೆ ಅರವತ್ತು ಸಲ ಹೊರಳುತ್ತೆ, ಇಂಡಿಯಾದಲ್ಲಿ ಐವತ್ತು. ಇಲ್ಲಿನ ಮೋಟರನ್ನ ನಿಮ್ಮೂರಲ್ಲಿ ಹಾಗೇ ಹಾಕಿದ್ರೆ ಸುಡೋದೇನೂ ಇಲ್ಲ, ಆದ್ರೆ ನಿಧಾನ ಓಡುತ್ತೆ. ಆರು ಸುತ್ತು ಸುತ್ತೋ ಹೊತ್ತಲ್ಲಿ ಐದೇ ಸುತ್ತುತ್ತೆ. ಅದನ್ನ ಮರೀಬೇಡಿ.

ಇದು ನನಗೆ ಗೊತ್ತಿಲ್ಲದ ವಿಷಯವಾ? ಐಟಿಐ ಮೊದಲನೇ ವರ್ಷದ ಪಾಠ. ತಲೆ ಆಡಿಸಿ ಬರ್ಕೊಂಡೆ. ಬರ್ಕೊಳ್ತಾ ಬರ್ಕೊಳ್ತಾ ಪೆನ್ನು ನಿಂತುಹೋಯ್ತು.

ಮೊರ ಸಾರ್ ಇದೇ ಕಡೆಯವರು. ಅವರ ಪ್ಲೇಯರು ಅರವತ್ತರ ಪ್ಲೇಯರು. ಹನ್ನೊಂದು ವರ್ಷದಿಂದ ಆಲಸನತ್ತಂನ ಐವತ್ತರಲ್ಲಿ ತಿರುಗ್ತಾ ಇದೆ. ವೋಲ್ಟು ಇಳಿಸಿದೆ ಅಂತ ಮೀಸೆ ತಿರುವಿದೋನು, ಸೈಕಲ್ಲು, ಅಂದ್ರೆ ಕರೆಂಟು ಹೊರಳೋ ಈ ಲೆಕ್ಕ, ನೋಡೋದೇ ಮರೆತಿದ್ದೆ. ನಾವು ಕೇಳಿದ ಒಂದೊಂದು ಪ್ಲೇಟೂ ನಿಧಾನ, ಒಂದೊಂದು ಸ್ವರವೂ ಕೆಳಗೆ. ಆ ಸ್ಯಾಕ್ಸೋಫೋನು ನೆಲದ ಒಳಗಿಂದ ಬರ್ತಿದ್ದದ್ದು ಊದಿದೋನ ಹೆಚ್ಚುಗಾರಿಕೆಯಲ್ಲ, ನನ್ನ ತಪ್ಪು. ಆ್ಯಪಿಗೆ ಗೊತ್ತಾಗದೆ ಇದ್ದದ್ದೂ ಅದಕ್ಕೇ. ಅಷ್ಟೇ ಅಲ್ಲ, ವಸಂತ ಟೀಚರ್ ಒಂದು ಸಲ ಅವರ ತಾಯಿಯ ಕಾಲದ ಸಿನಿಮಾ ಹಾಡಿನ ಪ್ಲೇಟು ತಂದಿದ್ರು. ಹಾಕಿದ್ರೆ ಹೆಂಗಸಿನ ದನಿ ಗಂಡಸಿನ ದನಿಯಾಗಿ ಬಂತು. ನಿಮ್ಮ ಪ್ಲೇಟು ಬಿಸಿಲಿಗೆ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟು ವಾಪಸ್ ಕಳಿಸಿದ್ದೆ. ಅವರು ಎಷ್ಟು ಬೇಜಾರು ಮಾಡ್ಕೊಂಡಿದ್ರು ಅಂತ ಆಗ ನೆನಪಾಯ್ತು.

ನಮ್ಮಲ್ಲಿ ಜೂಜುವಾಡಿ ದಾಟಿದ್ರೆ ಬೋರ್ಡಿನ ಅಕ್ಷರ ಬದಲಾಗುತ್ತೆ, ಕರೆಂಟು ಅದೇ. ಜಪಾನಲ್ಲಿ ದೇಶಕ್ಕೆಲ್ಲ ಒಂದೇ ಭಾಷೆಯಂತೆ, ಆದ್ರೆ ಪೂರ್ವಕ್ಕೆ ಹೋದ್ರೆ ಐವತ್ತು, ಪಶ್ಚಿಮಕ್ಕೆ ಬಂದ್ರೆ ಅರವತ್ತು. ಮೊರ ಸಾರ್ ಪೂರ್ವದವರಾಗಿದ್ದಿದ್ರೆ ನಮಗೆ ಆನೆಯೇ ಸಿಗ್ತಿರಲಿಲ್ಲ.

ನಾನು ಎದ್ದು ನಿಂತಿದ್ದೆನಂತೆ. ಮೇಷ್ಟ್ರು ಏನಾದ್ರೂ ಸಂದೇಹವಾ ಅಂತ ಕೇಳಿದ್ರು. ಸಂದೇಹ ತೀರಿತು ಅಂದೆ.

ಬುಧವಾರ ಸಾಯಂಕಾಲ, ಅಜ್ಜಿ ಅಂಗಡಿ

ಶಾಂತಿ ಮೇಡಂ ಆ ರೆಕಾರ್ಡಿಂಗನ್ನ ಲ್ಯಾಪ್‌ಟಾಪಿಗೆ ಹಾಕಿ, ಐದನ್ನ ಆರು ಮಾಡಿ ಓಡಿಸಿದ್ರು. ಕುಕ್ಕರು ಕೀಚಲಾಗಿ ಕೂಗಿತು. ಅಜ್ಜಿ ನಾಲ್ಕು ಸೆಕೆಂಡು ಕೇಳಿದ್ರು, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು, ಸೀದಾ ಗೋಡೆ ಹತ್ತಿರ ಹೋಗಿ ಕೆಳಗಿನ ಸಾಲಿಂದ ಒಂದು ಪ್ಲೇಟು ಎಳೆದ್ರು. ಹುಡುಕಲಿಲ್ಲ, ತಡಕಾಡಲಿಲ್ಲ. ಕವರಿನ ಮೇಲೆ ಬಿಳಿ ಬೂಟಿನ ಒಬ್ಬ ಮನುಷ್ಯ ಕುಣೀತಿದ್ದ. ಹನ್ನೊಂದು ವರ್ಷ ಮನೇಲಿದ್ದೋನ ಮುಖ ಅವತ್ತು ಮೊದಲ ಸಲ ನೋಡಿದೆ.

ಅಜ್ಜಿ ಅದನ್ನ ಹಾಕಿದ್ರು, ಸರಿಯಾದ ಸ್ಪೀಡಲ್ಲಿ, ಆ ದೊಡ್ಡ ಸ್ಪೀಕರಲ್ಲಿ. ಪಿಟೀಲಿನೋನು ಕುಪ್ಪಳಿಸ್ತಾ ಬಂದ. ಸ್ಯಾಕ್ಸೋಫೋನು ಬಂತು, ಚಕಚಕ ಅಂತ ಎರಡು ಸುತ್ತು ಓಡಿ ಮುಗಿಸೇಬಿಡ್ತು. ಚೆನ್ನಾಗಿಲ್ಲ ಅಂತಲ್ಲ. ಮದುವೆ ಆರತಕ್ಷತೇಲಿ ಹಾಕಿದ್ರೆ ಮಕ್ಕಳು ಕುಣೀತಾವೆ. ಆದ್ರೆ ಆನೆ ಎಲ್ಲಿ? ಹೊಲದಂಚಲ್ಲಿ ಯಾರೂ ನಿಂತಿರಲಿಲ್ಲ. ಇದು ಯಾರೂ ಕೇಳದ ಪ್ಲೇಟು, ಹಗುರದ್ದು, ತನ್ನ ಹತ್ತಿರ ಎರಡಿವೆ, ಒಂದು ತಗೊಂಡು ಹೋಗಿ ಅಂದ್ರು ಅಜ್ಜಿ. ಬೇಕಾದ್ದು ಕೈಗೆ ಸಿಕ್ಕಿತು, ನನ್ನ ಮುಖ ಮಾತ್ರ ಇಳಿದಿತ್ತು.

"ಏನಣ್ಣಾ, ಸಿಕ್ಕಿಲ್ಲ ಅಂತ ಅಳೋರು ಉಂಟು, ಸಿಕ್ಕಿದ ಮೇಲೂ ಅಳ್ತೀರಲ್ಲ," ಅಂದ್ರು ಶಾಂತಿ ಮೇಡಂ.

ತಿಮ್ಮರಾಯಪ್ಪನ ವಿಷಯವೆಲ್ಲ ಹೇಳಿದೆ. ಅವರು ಅಜ್ಜಿಗೆ ಹೇಳಿದ್ರು. ಅಜ್ಜಿ ಒಂದು ಮಾತು ಹೇಳಿದ್ರು. ತಿಂಗಳಿಗೊಂದು ಭಾನುವಾರ ಅಲ್ಲಿ ಒಂದು ಪದ್ಧತಿ ಉಂಟು. ದಿನಾ ಬರೋರು ಒಬ್ಬೊಬ್ಬರೂ, ಇದಿಲ್ಲದೆ ಮನೆಯಿಲ್ಲ ಅನ್ನೋ ಒಂದು ಪ್ಲೇಟು ತಂದು ಬೇರೆಯವರಿಗೆ ಹೇಳ್ತಾರೆ. ಮೂರೇ ವಾಕ್ಯ. ಮೂರರ ಮೇಲೆ ಮಾತಾಡೋ ಹಾಗಿಲ್ಲ, ಆಮೇಲೆ ಪ್ಲೇಟೇ ಮಾತಾಡಬೇಕು. ಈ ಭಾನುವಾರ ಅದೇ. ನಿಮ್ಮೂರಲ್ಲಿ ಕೇಳೋ ಹಾಗೆಯೇ ಇದನ್ನ ನಮಗೂ ಕೇಳಿಸಿ ಅಂದ್ರು.

ಪ್ಲೇಯರಿನ ಮೋಟರು ತುದೀಲಿ ಹೆಬ್ಬೆರಳಿನ ಉಗುರಷ್ಟು ಒಂದು ಗಾಲಿ, ಪುಲ್ಲಿ ಅಂತೀವಿ, ಇರುತ್ತೆ, ಅದಕ್ಕೆ ಬೆಲ್ಟು. ಪುಲ್ಲಿ ಸಣ್ಣದಾದ್ರೆ ಪ್ಲೇಟು ನಿಧಾನ. ಅಜ್ಜಿ ಹತ್ತಿರ ಒಂದು ಹಳೇ ಪುಲ್ಲಿ ಬಿದ್ದಿತ್ತು. ಇಷ್ಟು ಸಾಕು, ನಾನು ನೋಡ್ಕೊಳ್ತೀನಿ ಅಂತ ಕರ್ಚೀಫಲ್ಲಿ ಕಟ್ಕೊಂಡು ಬಂದೆ.

ಶುಕ್ರವಾರ, ಲೇತಿನ ಮುಂದೆ

ಊಟದ ಬಿಡುವಲ್ಲಿ ಲೋಹ ಕಡೆಯೋ ಸಣ್ಣ ಲೇತು ಕೊಡಿ ಅಂತ ಮೇಷ್ಟ್ರನ್ನ ಕೇಳಿದೆ. ಯಾವ ಮಿಷಿನ್ನಿನ ಭಾಗ ಅಂದ್ರು. ಆನೇದು ಅಂದೆ. ಶಾಂತಿ ಮೇಡಂ ಏನಂತ ತರ್ಜುಮೆ ಮಾಡಿದ್ರೋ, ಮೇಷ್ಟ್ರು ತಾವೇ ಬಂದು ಪಕ್ಕದಲ್ಲಿ ನಿಂತ್ರು. ಆರು ಪಾಲಲ್ಲಿ ಒಂದು ಪಾಲು ಕಡೀಬೇಕು, ಕೂದಲೆಳೆ ಹೆಚ್ಚಾದ್ರೂ ಆನೆ ಕುಂಟುತ್ತೆ. ನಾನು ಸವರೋದು, ಮೇಡಂ ಅಳೆಯೋದು. ಫ್ಯಾಕ್ಟರೀಲಿ ನಾನು ಮಾಡಿದ್ದನ್ನೆಲ್ಲ ಇದು ಸರಿಯಿಲ್ಲ ಅಂತ ವಾಪಸ್ ಕಳಿಸೋದೇ ಅವರ ಕೆಲಸ. ಅಲ್ಲೂ ನಾಲ್ಕು ಸಲ ವಾಪಸ್ ಕಳಿಸಿದ್ರು. ಐದನೇ ಸಲ ಅಳೆದು ಪುಲ್ಲೀನ ನನ್ನ ಅಂಗೈ ಮೇಲಿಟ್ರು. ಊಟ ತಪ್ಪಿತ್ತು, ಮೂವರಿಗೂ.

ಎರಡನೇ ಭಾನುವಾರ

ಅಂಗಡಿ ತುಂಬಿತ್ತು. ಈ ಸಲ ನಾನು ಬೂಟು ಬಿಡಲಿಲ್ಲ. ಬೂದು ಟೋಪಿಯ ಮುದುಕರು ಅದೇ ಮುಂದಿನ ಕುರ್ಚೀಲಿದ್ರು. ಒಬ್ಬೊಬ್ಬರೂ ಎದ್ದು ಮೂರು ವಾಕ್ಯ ಹೇಳಿ ಪ್ಲೇಟು ಕೇಳಿಸಿದ್ರು. ಬಾಯಿ ತೆರೆದ್ರೆ ಮುಚ್ಚದೋನು ನಾನು, ಮೂರು ವಾಕ್ಯ ಮಾಡೋಕೆ ಹಿಂದಿನ ಎರಡು ದಿನ ಪಟ್ಟ ಪಾಡು ಆ ಲೇತಿನ ಮುಂದೂ ಪಟ್ಟಿಲ್ಲ. ಸರದಿ ಬಂತು. ಎದ್ದು ಕನ್ನಡದಲ್ಲೇ ಹೇಳಿದೆ.

"ಈ ಪ್ಲೇಟನ್ನ ನಮ್ಮೂರಲ್ಲಿ ಹನ್ನೊಂದು ವರ್ಷ ತಪ್ಪಾಗಿ ಕೇಳಿದ್ವಿ. ತಪ್ಪು ನಂದು. ಹೊಲದಂಚಲ್ಲಿ ಒಂದು ಆನೆ ನಿಂತಿದೆ, ಅದನ್ನ ಮೊದಲು ನೋಡಿದೋನು ನನ್ನ ಗೆಳೆಯ ತಿಮ್ಮರಾಯಪ್ಪ."

ಶಾಂತಿ ಮೇಡಂ ಜಪಾನಿಯಲ್ಲಿ ಹೇಳಿ ಕೂತ್ರು. ಅಜ್ಜಿ ಪ್ಲೇಯರಿಗೆ ನಾನು ಕಡೆದ ಪುಲ್ಲಿ ಸಿಕ್ಕಿಸಿ ಮುಳ್ಳು ಇಳಿಸಿದ್ರು.

ಪಿಟೀಲಿನೋನು ನಡೆದು ಬಂದ. ಕುಪ್ಪಳಿಸಲಿಲ್ಲ, ನಮ್ಮ ಹಾಲಲ್ಲಿ ನಡೀತಿದ್ದ ಹಾಗೇ ನಡೆದ. ಬೀರು ಗಾತ್ರದ ಸ್ಪೀಕರಲ್ಲಿ ಅವನ ಒಂದೊಂದು ಹೆಜ್ಜೆಗೂ ನೆಲ ಮೆಲ್ಲಗೆ ಅದುರಿತು. ಇವರು ನಕ್ಕರೆ, ಇದು ಮೋಟರು ಕೆಟ್ಟ ಸದ್ದು ಅಂದ್ರೆ, ನಮ್ಮ ಹನ್ನೊಂದು ವರ್ಷದ ಭಾನುವಾರಗಳೆಲ್ಲ ಬರೀ ತಪ್ಪೇ ಅಂತ ಆಗುತ್ತಲ್ಲ. ಆಗ ಕೆಳಗಿಂದ, ಬಹಳ ಕೆಳಗಿಂದ, ಸ್ಯಾಕ್ಸೋಫೋನು ಎದ್ದಿತು. ನಮ್ಮ ಸಣ್ಣ ಸ್ಪೀಕರಲ್ಲಿ ಕೇಳಿಸದೆ ಇದ್ದದ್ದೂ ಅಲ್ಲಿ ಕೇಳಿಸಿತು. ಅದರ ಉಸಿರು, ಸೊಂಡಿಲು ಎತ್ತಿ ಗಾಳಿ ಮೂಸೋ ಹಾಗೆ ಸ್ವರದ ಮುಂಚೆ ಬರೋ ಉಸಿರು. ನನಗೆ ಗೊತ್ತಿಲ್ಲದ ಹಾಗೆ ಬಾಯಿಂದ ಬಂತು, ಬಂತ್ ಕಣ್ಲಾ ಅಂತ. ಯಾರೂ ತಿರುಗಿ ನೋಡಲಿಲ್ಲ.

ಮುಗೀತು. ಅಜ್ಜಿ ಮುಳ್ಳು ಎತ್ತಲಿಲ್ಲ, ಪ್ಲೇಟು ಸುಮ್ನೆ ಸುತ್ತುತ್ತಾ ಇತ್ತು. ಮೇಲೆ ಒಂದು ರೈಲು ಹೋಯ್ತು. ಬೂದು ಟೋಪಿಯ ಮುದುಕರು ಎದ್ದು ನನ್ನ ಕಡೆ ತಿರುಗಿದ್ರು. ಟೋಪಿ ತೆಗೆದು ಎದೆ ಹತ್ತಿರ ಹಿಡಿದ್ರು. ಹೋದ ವಾರ ನನ್ನ ಬಾಯಿಂದ ಕೇಳಿದ ಆ ಪದವನ್ನ ತಡವರಿಸ್ತಾ ಹುಡುಕಿ, ಹುಡುಕಿ, ಹೊರಗೆ ತಂದ್ರು.

"ಬಾರೇ," ಅಂದ್ರು.

ಅವರ ನಾಲಿಗೆಗೆ ನಮ್ಮ ಲ ಹೊರಳಲ್ಲ. ಮಾತಾಡಬಾರದ ಆ ಅಂಗಡೀಲಿ ಹಿಂದಿನ ಸಾಲಿಂದ ಇನ್ನೊಬ್ಬರು ಬಾರೇ ಅಂದ್ರು, ಆಮೇಲೆ ಮತ್ತೊಬ್ಬರು. ನಾನು ನಿಂತೇ ಇದ್ದೆ, ಕಣ್ಣಲ್ಲಿ ನೀರು ಸುರೀತಿತ್ತು, ಒರೆಸ್ಕೊಳ್ಳಲಿಲ್ಲ. ಗೆದ್ದೆ ಕಣಯ್ಯಾ ಅಂತ ಅನ್ನಿಸಿತು, ಅದನ್ನ ಹೇಳೋಕೆ ನನಗೆ ನಾಚಿಕೆ ಇಲ್ಲ. ಅಜ್ಜಿ ತಮ್ಮ ದೊಡ್ಡ ಪುಸ್ತಕ ತೆಗೆದು ಆ ಪ್ಲೇಟಿನ ಹೆಸರಿನ ಪಕ್ಕ ಹೊಸದಾಗಿ ಏನೋ ಬರೆದ್ರು. ಏನು ಅಂತ ಶಾಂತಿ ಮೇಡಂ ಓದಿ ಹೇಳಿದ್ರು: 'ಹೊಸೂರಿನ ಪುಲ್ಲಿ ಹಾಕಿ ಕೇಳುವುದು.' ಪುಲ್ಲೀನ ಅಲ್ಲೇ ಬಿಟ್ಟೆ. ಪ್ಲೇಟನ್ನ ಎದೆಗೆ ಅವುಚಿಕೊಂಡು ವಿಮಾನದಲ್ಲಿ ಬಂದೆ. ಕೂರೋ ಮುಂಚೆ ಸೀಟು ಎರಡು ಸಲ ಮುಟ್ಟಿ ನೋಡ್ತಿದ್ದೆ.

ಮತ್ತೆ ಆಲಸನತ್ತಂ

ಜವಳಗಿರಿಗೆ ಫೋನು ಮಾಡಿ, ಆನೆ ಸಿಕ್ತು, ಬಾರೋ ಅಂದೆ. ಭಾನುವಾರ ಹತ್ತಕ್ಕೆ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ಚೀಲ ಅವರೆಕಾಯಿ. ಸರೋಜ ಕಾಯಿ ತಗೊಂಡು ಒಳಗೆ ಹೋದ್ಲು.

ಮೊದಲು ತಪ್ಪೊಪ್ಪಿಗೆ ಅಂದೆ. ವಸಂತ ಟೀಚರ್ ಹತ್ತಿರ ಕ್ಷಮೆ ಕೇಳಿದೆ, ನಿಮ್ಮ ಅಮ್ಮನ ಪ್ಲೇಟು ಕೆಟ್ಟಿರಲಿಲ್ಲ, ತನ್ನಿ ಅಂತ. ಸರಿಯಾದ ಸ್ಪೀಡಿಗೆ ಬೇಕಾದ ದಪ್ಪ ಪುಲ್ಲಿ ನಾನು ಹಿಂದಿನ ದಿನವೇ ಮಾಡಿಟ್ಟಿದ್ದೆ. ಅದನ್ನ ಹಾಕಿ ಪ್ಲೇಟು ಬಿಟ್ಟೆ. ಸ್ಯಾಕ್ಸೋಫೋನು ಚಕಚಕ ಓಡಿತು. ತಿಮ್ಮರಾಯಪ್ಪ ಹುಬ್ಬು ಗಂಟು ಹಾಕಿದ.

"ಇದ್ಯಾವ್ದ್ಲಾ, ಮೊಲ," ಅಂದ.

ಇದೇ ಕಣೋ ಸರಿಯಾದ್ದು, ನಾವು ಕೇಳ್ತಿದ್ದದ್ದು ತಪ್ಪು, ನಾನು ಸೈಕಲ್ಲು ನೋಡದೆ ಹಾಕಿದ್ದೆ ಅಂತ ಪೂರ್ತಿ ಬಿಡಿಸಿ ಹೇಳಿದೆ. ಕೋಬೆ ಅಜ್ಜಿ, ಲೇತು, ಬೂದು ಟೋಪಿ, ಎಲ್ಲ ಹೇಳಿದೆ. ನಾನು ದಪ್ಪ ಪುಲ್ಲಿ ಬಿಚ್ಚಿ, ಮೊರ ಸಾರ್ ಕೊಟ್ಟ ಹಳೇದನ್ನೇ ಹಾಕಿದೆ. ಪಿಟೀಲಿನೋನು ನಡೆದು ಬಂದ. ಒಳಗೆ ಸರೋಜ ದೋಸೆ ಹೆಂಚಿಗೆ ನೀರು ಚಿಮುಕಿಸ್ತಿದ್ದೋಳು ಕೈ ನಿಲ್ಲಿಸಿದ್ಲು. ನಾನು ಪ್ಲೇಟು ನೋಡಲಿಲ್ಲ, ಅವನ ಮುಖವನ್ನೇ ನೋಡ್ತಾ ನಿಂತೆ.

ಅವನು ಕಣ್ಣು ಮುಚ್ಚಿದ.

"ಬಂತ್ ಕಣ್ಲಾ," ಅಂದ.

ಪ್ಲೇಟು ಮುಗಿಯೋವರೆಗೂ ಅವನು ಕಣ್ಣು ಬಿಡಲಿಲ್ಲ. ಆಮೇಲೆ ಟೀಪಾಯಿ ಮೇಲಿದ್ದ ದಪ್ಪ ಪುಲ್ಲೀನ ಎತ್ಕೊಂಡು ತಿರುಗಿಸಿ ನೋಡಿ, ನನ್ನ ಜೇಬಿಗೆ ಹಾಕಿದ. "ಟೀಚರಮ್ಮನ ಪ್ಲೇಟಿಗ್ ಮಾತ್ರ ಇದ್ನ ಹಾಕು. ಆನೇನ ಸರಿ ಮಾಡಾಕ್ ಹೋಗ್ಬ್ಯಾಡ ಕಣ್ಲಾ ಕಿಟ್ಟ."

ಆದ್ದರಿಂದ ನಾಲ್ಕನೇ ಪ್ಲೇಟಿನ ಹೆಸರು ನಿಮಗೆ ಹೇಳಲ್ಲ. ಗೊತ್ತಿದೆ, ಆದ್ರೂ ಹೇಳಲ್ಲ. ಆ ಹೆಸರು ಹಿಡ್ಕೊಂಡು ಅಂಗಡಿಗೆ ಹೋದ್ರೆ ನಿಮಗೆ ಸಿಗೋದು ಮೊಲ. ಆನೆ ಬೇಕು ಅಂದ್ರೆ ಭಾನುವಾರ ಹತ್ತಕ್ಕೆ ನಮ್ಮನೆಗೆ ಬನ್ನಿ. ಚೆನ್ನಾಗಿದ್ರೆ ಬಾಯಿ ಬಿಟ್ಟು ಹೇಳಿ, ಎರಡನೇ ದೋಸೆ ಸಿಗುತ್ತೆ. ಕೂರೋ ಮುಂಚೆ ಕುರ್ಚಿ ನೋಡ್ಕೊಳ್ಳಿ. ಕಿಟಕಿ ಪಕ್ಕದ್ದು ಮಾತ್ರ ಖಾಲಿ ಬಿಡಿ, ಜವಳಗಿರಿ ಬಸ್ಸು ಇನ್ನೇನು ಬರೋ ಹೊತ್ತು.